ಅಳಿಸದೆ ಉಳಿಸಿಕೊಂಡ ಒಂದು ವ್ಯಂಗ್ಯಚಿತ್ರ

ರಾಜಕೀಯ ವ್ಯಂಗ್ಯಚಿತ್ರ ಬರೆಯುವವನಿಗೆ ಬೈಗುಳ ಹೊಸದಲ್ಲ. ಪೇಪರು ಮನೆ ಮುಟ್ಟುವ ಹೊತ್ತಿಗೆ ಯಾರೋ ಒಬ್ಬರು ಫೋನ್ ಮಾಡಿ, 'ನಿಮಗ ನಮ್ಮ ಸಾಹೇಬ್ರು ಒಬ್ಬರೇ ಕಾಣ್ತಾರೇನ್ರೀ' ಅಂತ ಕೇಳುತ್ತಾರೆ. ಕೇಳುವ ಹಕ್ಕು ಅವರಿಗಿದೆ. ಆದರೆ ಒಂದು ಚಿತ್ರದ ಸಲುವಾಗಿ ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಮೊಬೈಲಿನಲ್ಲೇ ಚಿತ್ರ ಬರೆದು, ಮೀಮ್ ಮಾಡಿ ಹಾಕುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದೂ ಇದನ್ನೇ. ಅವರಿಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

2023ರ ಮುಂಗಾರು ಕೈಕೊಟ್ಟ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಮುಂದಿನ ಬೇಸಿಗೆ ಹೊತ್ತಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ಕೊಡಗಳ ಸಾಲು ಟ್ಯಾಂಕರಿನ ಹಾದಿ ಕಾಯುತ್ತ ಬಿಸಿಲಲ್ಲೇ ನಿಂತಿರುತ್ತಿತ್ತು. ಬರ ವೀಕ್ಷಣೆಗೆಂದು ಬಂದ ಜನಪ್ರತಿನಿಧಿಯೊಬ್ಬರು ಹಾರ, ತುರಾಯಿ, ಡೊಳ್ಳು ಎಲ್ಲ ಮಾಡಿಸಿಕೊಂಡು ಊರ ತುಂಬ ಮೆರೆದು ಹೋದರು. ಮಠದ ಗುರುಗಳನ್ನು ಕೂರಿಸಿ ಮೆರೆಸುವ ಅಡ್ಡಪಲ್ಲಕ್ಕಿಯಲ್ಲಿ ನಾನು ಅವರನ್ನು ಕೂರಿಸಿ ಬರೆದೆ.

ಅಡ್ಡಪಲ್ಲಕ್ಕಿಯೇ ಯಾಕೆ? ಉಳಿದ ಪಲ್ಲಕ್ಕಿಗಳು ದಾರಿಯ ಉದ್ದಕ್ಕೆ ಸಾಗಿದರೆ ಇದು ಅಡ್ಡಡ್ಡ ಸಾಗುತ್ತದೆ, ಬೀದಿಯ ಅಗಲವನ್ನೆಲ್ಲ ತುಂಬಿಕೊಂಡು. ಅದರ ಹಿಂದೆ ಮತ್ತೊಂದು ಗಾಡಿ ದಾಟಲಾರದು. ನನಗೆ ಬೇಕಿದ್ದದ್ದು ಅದೇ. ಪಲ್ಲಕ್ಕಿಯ ಹಿಂದೆ ನೀರಿನ ಟ್ಯಾಂಕರು ಸಿಕ್ಕಿಹಾಕಿಕೊಂಡು ನಿಂತಿದೆ; ಡ್ರೈವರ್ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ ಹಾರ್ನ್ ಒತ್ತುತ್ತಿದ್ದಾನೆ; ಪಲ್ಲಕ್ಕಿ ಹೊತ್ತವರ ಸೊಂಟಕ್ಕೆ ಖಾಲಿ ಕೊಡಗಳು ನೇತಾಡುತ್ತಿವೆ. ಹೊತ್ತವರೂ ಬಾಯಾರಿದವರೇ. ಅಡಿಬರಹವನ್ನೇ ಕೊಡಲಿಲ್ಲ.

ಅಚ್ಚಾದ ದಿನ ಏನೂ ಆಗಲಿಲ್ಲ, ಒಂದಿಬ್ಬರು ಓದುಗರು ಮೆಚ್ಚಿ ಮಾತಾಡಿದರು. ಮರುದಿನ ವಾಟ್ಸಾಪಿನಲ್ಲಿ ಓಡಾಡತೊಡಗಿದ ಚಿತ್ರದಲ್ಲಿ ಟ್ಯಾಂಕರು ಇರಲಿಲ್ಲ, ಕೊಡಗಳೂ ಇರಲಿಲ್ಲ. ಯಾರೋ ಪಲ್ಲಕ್ಕಿಯಷ್ಟನ್ನೇ ಕತ್ತರಿಸಿ, ಮೇಲೆ ಕೆಂಪಕ್ಷರದಲ್ಲಿ 'ನಮ್ಮ ಗುರುಪರಂಪರೆಗೆ ಅವಮಾನ' ಅಂತ ಬರೆದಿದ್ದರು. ಸಂಜೆಯೊಳಗೆ ಠಾಣೆಗೆ ದೂರು ಹೋಯಿತು.

ಹಿತೈಷಿಗಳೆಲ್ಲ ಕೊಟ್ಟ ಸಲಹೆ ಒಂದೇ: ಮೊದಲು ಅಳಿಸು, ಆಮೇಲೆ ಮಾತಾಡು. ನಾನು ಅಳಿಸಲಿಲ್ಲ. ಅದು ಹಟವಲ್ಲ. ನನ್ನ ಪೂರ್ತಿ ಚಿತ್ರವನ್ನು ನಾನೇ ತೆಗೆದುಬಿಟ್ಟರೆ ಲೋಕದಲ್ಲಿ ಉಳಿಯುವುದು ಆ ಕತ್ತರಿಸಿದ ಚಿತ್ರ ಮಾತ್ರ. ನನ್ನ ಹೆಸರಿನಲ್ಲಿ ನಾನು ಬರೆಯದ ಚಿತ್ರವೊಂದು ಓಡಾಡುತ್ತಿರುತ್ತದೆ, ತಪ್ಪೊಪ್ಪಿಕೊಂಡು ತೆಗೆದ ಅಂತ ಮಾತೂ ಸೇರಿಕೊಳ್ಳುತ್ತದೆ. ಹಾಗಾಗಿ ಇಡೀ ಚಿತ್ರವನ್ನು ಅಚ್ಚಾದ ದಿನಾಂಕದ ಜೊತೆ ಮತ್ತೆ ಹಾಕಿ, ಇದು ಬರದ ಊರಿನಲ್ಲಿ ನೀರಿಗೆ ದಾರಿ ಬಿಡದ ಮೆರವಣಿಗೆಯ ಬಗ್ಗೆ ಅಂತ ಒಂದೇ ಸಾಲು ಬರೆದೆ. ಕೆಳಗೆ ಬಂದ ಯಾವ ಬೈಗುಳಕ್ಕೂ ಉತ್ತರ ಕೊಡಲಿಲ್ಲ. ಜೀವ ಬೆದರಿಕೆಯಂತೆ ಕಂಡವನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆದು, ನಂಬರು ಮತ್ತು ಹೊತ್ತಿನ ಸಮೇತ ಎತ್ತಿಟ್ಟೆ.

ಆ ರಾತ್ರಿ ಮಾಡಿದ ಇನ್ನೊಂದು ಕೆಲಸ, ಕಚ್ಚಾ ರೇಖೆಗಳನ್ನು ಹುಡುಕಿ ತೆಗೆದದ್ದು. ಚಿತ್ರಕ್ಕೆ ಮೊದಲು ಪೆನ್ಸಿಲಿನಲ್ಲಿ ಗೀಚಿಕೊಳ್ಳುವ ಹಾಳೆಗಳಿಗೆ ತಾರೀಖು ಹಾಕಿಡುವುದು ನನ್ನ ರೂಢಿ. ಮೊಟ್ಟಮೊದಲ ಗೀಚಿನಲ್ಲಿ ಪಲ್ಲಕ್ಕಿಯೇ ಇರಲಿಲ್ಲ. ಕಿರಿದಾದ ಓಣಿ, ಅದರಲ್ಲಿ ಸಿಕ್ಕಿಕೊಂಡ ಟ್ಯಾಂಕರು ಇತ್ತು. ದಾರಿಗೆ ಅಡ್ಡ ನಿಲ್ಲಿಸಲು ಮೊದಲು ಕಮಾನು ಬರೆದಿದ್ದೆ, ಆಮೇಲೆ ಜೀಪು, ಕಡೆಗೆ ಪಲ್ಲಕ್ಕಿ. ನನ್ನ ತಲೆಯಲ್ಲಿ ಏನಿತ್ತು ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಇಲ್ಲ. ನನ್ನ ಪರ ನಿಂತ ವಕೀಲರು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡದ್ದು ಆ ಹಾಳೆಗಳನ್ನೇ.

ಮೂರನೆಯ ದಿನ ಏಳೆಂಟು ಮಂದಿ ಮನೆಗೆ ಬಂದರು, ಒಬ್ಬರು ಹಿರಿಯರು, ಉಳಿದವರು ಹುಡುಗರು. ಒಳಗೆ ಕರೆದು ಕೂರಿಸಿದೆ. ಮನೆಯವರು ಚಹಾ ತಂದರು, ಹುಡುಗರು ಮುಟ್ಟಲಿಲ್ಲ. ಮೂಲ ಚಿತ್ರವನ್ನು, ಕಾಗದದ್ದನ್ನೇ, ಅವರ ಮುಂದಿಟ್ಟೆ.

'ಹೊತ್ತವರು ಯಾರದಾರ ನೋಡ್ರಿ.'

'ರೈತರು.'

'ಮ್ಯಾಲೆ ಕುಂತಾಂವ?'

ಒಬ್ಬ ಆ ನಾಯಕರ ಹೆಸರು ಹೇಳಿದ. 'ಇದರಾಗ ನಮ್ಮ ಮಠದ ಅಜ್ಜಾರು ಎಲ್ಲ್ಯದಾರ ತೋರಸ್ರಿ' ಅಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟ್ಯಾಂಕರನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಹಿರಿಯರು ಮಾತ್ರ ಸುಮ್ಮನಾಗಲಿಲ್ಲ. 'ತಿಳೀತ್ರಿ ಸರ. ಆದರೂ ಪಲ್ಲಕ್ಕಿ ಅಂದ್ರ ನಮಗ ಬ್ಯಾರೇನ ಐತಿ. ಅದರಾಗ ಇವನ್ನ ಕೂಡಿಸಬಾರದಿತ್ತು.' ನಾನು ಹೇಳಿದೆ: ಅವರನ್ನು ಅಲ್ಲಿ ಕೂರಿಸಬಾರದು ಅನ್ನುವುದೇ ನನ್ನ ಚಿತ್ರದ ಮಾತು, ಯಜಮಾನರ. ಅವರು ಒಪ್ಪಲಿಲ್ಲ. ಆದರೆ ಚಹಾ ಕುಡಿದು ಎದ್ದರು, ಹುಡುಗರೂ ಕುಡಿದರು. ಮತಭೇದ ಅಲ್ಲಿಗೆ ನಿಂತಿತು, ಹೊಡೆದಾಟಕ್ಕೆ ಹೋಗಲಿಲ್ಲ. ಅವರ ನೋವು ಸುಳ್ಳು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆ ನೋವಿಗೆ ನನ್ನ ಮನೆಯ ಚಾವಡಿ ಸರಿಯಾದ ಜಾಗ, ಕಟಕಟೆ ಅಲ್ಲ, ಅಷ್ಟೇ.

ಪೇಪರಿನವರ ಜೊತೆಗಿನ ಮಾತು ಇದಕ್ಕಿಂತ ಕಷ್ಟದ್ದಾಗಿತ್ತು. ಮೊದಲ ಪುಟದಲ್ಲಿ 'ವಿಷಾದ' ಹಾಕಿ ಮುಗಿಸೋಣ ಅಂದರು. ಜಾಹೀರಾತು, ಏಜೆಂಟರು, ಕಚೇರಿಯ ಗಾಜು, ಅವರ ಭಯಗಳೆಲ್ಲ ನಿಜವೇ. ಆದರೆ ವಿಷಾದ ಅಂದರೆ ಮಾಡಬಾರದ್ದನ್ನು ಮಾಡಿದ್ದೇವೆ ಅಂತ. ಬಹಳ ಹೊತ್ತಿನ ಮೇಲೆ ಒಪ್ಪಿಗೆಯಾದದ್ದು ಹೀಗೆ: 'ಸದರಿ ಚಿತ್ರವು ಬರ ನಿರ್ವಹಣೆಯನ್ನು ಕುರಿತದ್ದು. ಯಾವುದೇ ಧಾರ್ಮಿಕ ಪರಂಪರೆಯನ್ನು ಉದ್ದೇಶಿಸಿದ್ದಲ್ಲ. ಪೂರ್ಣ ಚಿತ್ರವನ್ನು ಓದುಗರ ಅವಗಾಹನೆಗಾಗಿ ಮತ್ತೆ ಪ್ರಕಟಿಸಿದೆ.' ಈ ಕಡೆಯ ವಾಕ್ಯಕ್ಕಾಗಿ ನಾನು ಪಟ್ಟು ಹಿಡಿದೆ. ಸ್ಪಷ್ಟೀಕರಣ ಕೊಡಿ, ಚಿತ್ರದ ಜೊತೆಗೇ ಕೊಡಿ. ಚಿತ್ರವಿಲ್ಲದ ಸ್ಪಷ್ಟೀಕರಣ ಕ್ಷಮಾಪಣೆಯಂತೆಯೇ ಓದಿಸಿಕೊಳ್ಳುತ್ತದೆ.

ದೂರಿನಲ್ಲಿ ಭಾರತೀಯ ದಂಡ ಸಂಹಿತೆಯ 295ಎ, 153ಎ (ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು) ಮತ್ತು 505 (ಜನರನ್ನು ಕೆರಳಿಸುವ ಹೇಳಿಕೆ) ಸೆಕ್ಷನ್‌ಗಳನ್ನು ಕಾಣಿಸಿದ್ದರು; ಆಗಿನ್ನೂ ಹಳೆಯ ಸಂಹಿತೆಯೇ ಜಾರಿಯಲ್ಲಿತ್ತು. ಈ ಅಂಕಿಗಳನ್ನು ಕೇಳಿಯೇ ಬೆವರುವವರು ಸೆಕ್ಷನ್ನನ್ನು ಒಮ್ಮೆ ಪೂರ್ತಿ ಓದಬೇಕು. 295ಎ ಹೇಳುವುದು ಧಾರ್ಮಿಕ ಭಾವನೆಗೆ ನೋವಾಯಿತು ಅಂತಷ್ಟೇ ಅಲ್ಲ. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಆ ಭಾವನೆಯನ್ನು ಕೆರಳಿಸಿರಬೇಕು. ಈ ಎರಡೂ ಮಾತು ಸೆಕ್ಷನ್ನಿನ ಒಳಗೇ ಇವೆ. ಜೊತೆಗೆ 295ಎ, 153ಎ ಅಡಿಯ ಪ್ರಕರಣವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಪಿಎಸ್‌ಐ ಎದುರು ನಾನು ಭಾಷಣ ಮಾಡಲಿಲ್ಲ. ವಕೀಲರ ಜೊತೆ ಹೋಗಿ, ಪೂರ್ತಿ ಚಿತ್ರ, ಕತ್ತರಿಸಿದ ಚಿತ್ರ, ತಾರೀಖಿರುವ ಕಚ್ಚಾ ಹಾಳೆಗಳ ಜೆರಾಕ್ಸ್ ಮತ್ತು ಒಂದು ಪುಟದ ಬರಹದ ಹೇಳಿಕೆ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದೆ. ಕೆಲವು ವಾರಗಳ ನಂತರ ದೂರುದಾರರಿಗೆ ಹಿಂಬರಹ ಕೊಟ್ಟು ಅರ್ಜಿಯನ್ನು ಮುಕ್ತಾಯ ಮಾಡಿದರು.

ಎಲ್ಲರ ಪಾಲಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಮೇಲೆ ನಾಟಕವಾಡಿದರು. ರಾಜದ್ರೋಹದ ಕೇಸಾಯಿತು. ಮುಖ್ಯಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಜೈಲಿಗೆ ಹೋದರು. ನಾಟಕವಾಡಿದ ಮಕ್ಕಳನ್ನು ಪೊಲೀಸರು ಶಾಲೆಯಲ್ಲೇ ಕೂರಿಸಿ ಪ್ರಶ್ನಿಸಿದರು. ಹೈಕೋರ್ಟಿನ ಕಲಬುರಗಿ ಪೀಠ ಆ ಪ್ರಕರಣವನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಕೋರ್ಟಿನಲ್ಲಿ ಗೆದ್ದರು ಅಂತ ನಾವು ಬರೆದುಬಿಡುತ್ತೇವೆ. ಅಮ್ಮ ಜೈಲಿನಲ್ಲಿದ್ದ ರಾತ್ರಿಗಳನ್ನು ಆ ಮಗುವಿಗೆ ಯಾವ ಆದೇಶ ವಾಪಸು ಕೊಡುತ್ತದೆ? ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ.

ಪಕ್ಷಗಳನ್ನು ನಂಬಿ ಕೂರಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವಿದ್ದ 'ಪೇಸಿಎಂ' ಕ್ಯೂಆರ್ ಕೋಡ್ ಪೋಸ್ಟರುಗಳು ಕಾಣಿಸಿಕೊಂಡವು. ಶೇ 40 ಕಮಿಷನ್ ಆರೋಪವನ್ನು ಒಂದೇ ನೋಟಕ್ಕೆ ದಾಟಿಸಿದ ಬಲವಾದ ವ್ಯಂಗ್ಯ ಅದು. ಅಂಟಿಸಿದ ಕಾಂಗ್ರೆಸ್ ಕಾರ್ಯಕರ್ತರನ್ನು ಬಂಧಿಸಿದರು. ನಾಯಕರು ಬೀದಿಗಿಳಿದು ತಾವೇ ಪೋಸ್ಟರು ಅಂಟಿಸಿ ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತಾಡಿದರು. ಅದೇ ಪಕ್ಷ ಅಧಿಕಾರಕ್ಕೆ ಬಂದು 2025ರಲ್ಲಿ ಸಿದ್ಧಪಡಿಸಿದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದ ತನಕ ಜೈಲು ಇತ್ತು. ವಿರೋಧ ಪಕ್ಷದ ಕುರ್ಚಿಯಲ್ಲಿ ಕೂತಾಗ ಎಲ್ಲರಿಗೂ ವ್ಯಂಗ್ಯ ಇಷ್ಟ.

ಹಾಗಾದರೆ ಮಿತಿಯೇ ಬೇಡವೇ ಅಂತ ಕೇಳುವವರಿದ್ದಾರೆ. ಬೇಕು. ಆದರೆ ಕಾನೂನಿನ ಗೆರೆ ಬೇರೆ, ನನ್ನ ಮನಸ್ಸಾಕ್ಷಿಯ ಗೆರೆ ಬೇರೆ. ಇವೆರಡನ್ನೂ ಕಲಸಿಬಿಟ್ಟರೆ ಎರಡೂ ಕೆಡುತ್ತವೆ.

ಕಾನೂನಿನ ಗೆರೆ ಸಂವಿಧಾನದ 19(2)ನೇ ವಿಧಿಯಲ್ಲಿದೆ: ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದ ಕಾರಣಗಳ ಪಟ್ಟಿ. 'ಮನಸ್ಸಿಗೆ ನೋವು' ಅನ್ನುವುದು ಆ ಪಟ್ಟಿಯಲ್ಲಿಲ್ಲ. ಆನ್‌ಲೈನಿನಲ್ಲಿ ಕಿರಿಕಿರಿಯಾಗುವಂಥ ಸಂದೇಶ ಹಾಕುವುದನ್ನೂ ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ರದ್ದುಮಾಡುವಾಗ ಸುಪ್ರೀಂ ಕೋರ್ಟ್ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಮೂರು ಮೆಟ್ಟಿಲು ಮಾಡಿ, ಮೂರನೆಯದನ್ನು ಮುಟ್ಟಿದಾಗ ಮಾತ್ರ ಕಾನೂನು ಕೈ ಹಾಕಬಹುದು ಅಂದಿತು. ಅದಕ್ಕೂ ಮೊದಲು, ಸಿನಿಮಾವೊಂದರ ಕುರಿತ 1989ರ ರಂಗರಾಜನ್ ಪ್ರಕರಣದಲ್ಲಿ, ಗಲಾಟೆಯ ಬೆದರಿಕೆ ಇದೆ ಅನ್ನುವುದು ಅಭಿವ್ಯಕ್ತಿಯನ್ನು ಹತ್ತಿಕ್ಕಲು ಕಾರಣವಾಗದು, ಅದನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ ಅಂತ ಹೇಳಿತ್ತು. ನಮ್ಮ ಠಾಣೆಗಳಲ್ಲಿ ಇವತ್ತಿಗೂ ಮೊದಲು ಕೇಳಿಬರುವುದು, 'ಗಲಾಟೆ ಆಗ್ತದ, ತಗದುಬಿಡ್ರಿ' ಅನ್ನುವ ಮಾತೇ.

ನನ್ನ ಗೆರೆ ಇದಕ್ಕಿಂತ ಬಿಗಿ. ಹುಟ್ಟಿನಿಂದ ಬಂದದ್ದನ್ನು ನಾನು ನಗೆಗೆ ಬಳಸುವುದಿಲ್ಲ: ಜಾತಿ, ಮೈಬಣ್ಣ, ಅಂಗವೈಕಲ್ಯ, ಹೆಣ್ಣಿನ ದೇಹ. ಕುರ್ಚಿಯಿಂದ ಬಂದದ್ದನ್ನು ಬಿಡುವುದಿಲ್ಲ. 2023ರಲ್ಲಿ ಬೆಂಗಳೂರಿನ ವಿದ್ಯಾರ್ಥಿಗಳ ಕಿರುಪ್ರಹಸನವೊಂದು ಅಂಬೇಡ್ಕರ್ ಅವರನ್ನೂ ಮೀಸಲಾತಿಯನ್ನೂ ಹಗುರವಾಗಿ ಆಡಿಕೊಂಡಿತ್ತು. ಬಂಧನಗಳಾದವು, ಮುಂದೆ ಹೈಕೋರ್ಟ್ ಪ್ರಕರಣ ರದ್ದುಪಡಿಸಿತು. ಅಂಥದ್ದನ್ನು ನಾನು ಎಂದೂ ಬರೆಯಲಾರೆ, ಅದು ಕೆಳಗಿದ್ದವರ ಮೇಲೆ ಕಾಲಿಡುವ ನಗು. ಆದರೂ ಪೊಲೀಸ್ ಜೀಪು ಅದಕ್ಕೆ ಉತ್ತರವಾಗಿರಲಿಲ್ಲ ಅಂತಲೇ ನನ್ನ ನಂಬಿಕೆ. ತರಗತಿಯಲ್ಲಿ ನಡೆಯಬೇಕಿದ್ದ ಕಟುವಾದ ಮಾತುಕತೆಯನ್ನು ಕೇಸು ನುಂಗಿಹಾಕಿತು.

2012ರಲ್ಲಿ ಎನ್‌ಸಿಇಆರ್‌ಟಿ ಶಾಲಾ ಪಠ್ಯದಲ್ಲಿದ್ದ, ವ್ಯಂಗ್ಯಚಿತ್ರಕಾರ ಶಂಕರ್ ಅವರ ಚಿತ್ರದ ವಿವಾದವನ್ನು ನಾನು ಹೊಸಬರಿಗೆಲ್ಲ ತೋರಿಸುತ್ತೇನೆ. 1949ರ ಚಿತ್ರ ಅದು. ಬಸವನಹುಳುವೊಂದು ಸಂವಿಧಾನ, ಅದರ ಮೇಲೆ ಅಂಬೇಡ್ಕರ್ ಚಾಟಿ ಹಿಡಿದು ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಎತ್ತಿ ನಿಂತಿದ್ದಾರೆ. ಆ ಕಾಲದ ಓದುಗ ಕಂಡದ್ದು ಹುಳುವಿನ ನಿಧಾನವನ್ನು. ಅರವತ್ತು ವರ್ಷಗಳ ನಂತರದ ದಲಿತ ಓದುಗ ಕಂಡದ್ದು ಅಂಬೇಡ್ಕರ್ ಬೆನ್ನ ಹಿಂದೆ ಎತ್ತಿದ ಚಾಟಿಯನ್ನು. ಹಾಗೆ ಕಾಣುವುದಕ್ಕೆ ಚರಿತ್ರೆಯ ಕಾರಣವಿದೆ, ಅದನ್ನು ಅತಿಸೂಕ್ಷ್ಮತೆ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಸಂಸತ್ತಿನಲ್ಲಿ ಕೋಲಾಹಲವಾಯಿತು, ಪಠ್ಯದ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು, ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಯ ಮೇಲೆ ದಾಳಿಯಾಯಿತು. ಎರಡೂ ನೋಟಗಳನ್ನು ಮಕ್ಕಳ ಮುಂದಿಟ್ಟು ಪಾಠ ಮಾಡಬಹುದಾಗಿದ್ದ ಚಿತ್ರವನ್ನೇ ಪುಸ್ತಕದಿಂದ ಕಿತ್ತರು. ಇದಾದ ಮೇಲೆ ಚಾಟಿ, ಚಪ್ಪಲಿ, ಪೊರಕೆ ಇಂಥವನ್ನು ಬರೆಯುವಾಗ ಯಾರ ಕೈಯಲ್ಲಿದೆ, ಯಾರ ಕಡೆ ತಿರುಗಿದೆ ಅಂತ ಎರಡು ಸಲ ನೋಡುತ್ತೇನೆ. ಅದು ಹೆದರಿಕೆಯಲ್ಲ, ಕಸುಬು.

ಈಗ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅಂಕಿಗಳು ಬದಲಾಗಿವೆ. ಹಳೆಯ 295ಎ ಈಗ 299, 153ಎ ಈಗ 196. ಕವಿ, ಸಂಸದ ಇಮ್ರಾನ್ ಪ್ರತಾಪಗಢಿ ಅವರ ಪದ್ಯದ ಮೇಲಿನ ಎಫ್‌ಐಆರನ್ನು 2025ರ ಮಾರ್ಚ್‌ನಲ್ಲಿ ರದ್ದು ಮಾಡಿದ ಸುಪ್ರೀಂ ಕೋರ್ಟ್ ಒಂದು ಉಪಯುಕ್ತ ದಾರಿ ತೋರಿಸಿದೆ: ಮಾತು ಬರಹಗಳ ಮೇಲಿನ ಆರೋಪಕ್ಕೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇದ್ದರೆ, ಎಫ್‌ಐಆರ್‌ಗೆ ಮೊದಲು ಪೊಲೀಸ್ ತನಿಖೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಅಡಿ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಅಂತ. ಇದಕ್ಕೆ ಡಿವೈಎಸ್‌ಪಿ ಅನುಮತಿ ಬೇಕು, 14 ದಿನದಲ್ಲಿ ಮುಗಿಸಬೇಕು. ನಿಮ್ಮ ಹೇಳಿಕೆಯಲ್ಲಿ ಈ ಸೆಕ್ಷನ್ನನ್ನು ಹೆಸರಿಸಿ ಕೇಳಿ.

ಸ್ಟೇಷನ್ನಿನಿಂದ 'ಒಮ್ಮೆ ಬಂದು ಹೋಗ್ರಿ' ಅಂತ ಫೋನ್ ಬಂದರೆ ಒಬ್ಬರೇ ಹೋಗಬೇಡಿ. ಹಾಜರಾಗಲು ಲಿಖಿತ ನೋಟಿಸ್ ಕೇಳಿ; ಈ ನೋಟಿಸನ್ನು ವಾಟ್ಸಾಪ್ ಮೂಲಕ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ. ಫೋನ್ ಅನ್‌ಲಾಕ್ ಮಾಡಿ ಕೊಡಿ ಅಂದರೆ ವಕೀಲರು ಬರುವ ತನಕ ಕೊಡಬೇಡಿ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ತೆಗೆದುಕೊಳ್ಳಿ. ನಮ್ಮ ಊರಿನಲ್ಲಿ ಇಂಥ ಕೇಸುಗಳಿಗೆ ಫೀಸು ಕೇಳದೆ ಬರುವ ವಕೀಲರಿದ್ದಾರೆ, ನಿಮ್ಮ ಊರಿನಲ್ಲೂ ಇರುತ್ತಾರೆ. ಚಿತ್ರ ಹಾಕುವ ಮೊದಲೇ ಅವರ ನಂಬರು ಮನೆಯವರ ಹತ್ತಿರವೂ ಇರಲಿ.