100 ವ್ಯಾಟ್ ಅಂದರೆ 100 ವ್ಯಾಟೇ: ಕಾಂಟೆಸ್ಟ್‌ನಲ್ಲಿ ನನ್ನ ಅನುಭವ

ಹವ್ಯಾಸಕ್ಕೆ ರೇಡಿಯೋ ಸ್ಟೇಷನ್ ನಡೆಸುವವರು, ಅಂದರೆ ಹ್ಯಾಮ್‌ಗಳು, ಗೊತ್ತಾದ ಗಂಟೆಗಳಲ್ಲಿ ಎಷ್ಟು ಹೆಚ್ಚು ಸ್ಟೇಷನ್ ಮಾತಾಡಿಸುತ್ತಾರೆ ಅನ್ನುವ ಪಂದ್ಯವೇ ಹ್ಯಾಮ್ ರೇಡಿಯೋ ಕಾಂಟೆಸ್ಟ್. ಅದರಲ್ಲಿ ನಿಮ್ಮ ಪಕ್ಕ ಯಾವ ಅಂಪೈರೂ ನಿಂತಿರುವುದಿಲ್ಲ. ನಿಮ್ಮ ಮನೆ, ನಿಮ್ಮ ರೂಮು, ನಿಮ್ಮ ರಿಗ್ (ರೇಡಿಯೋ ಸೆಟ್ಟು). ಲಾಗ್, ಅಂದರೆ ಮಾತಾಡಿಸಿದ ಸ್ಟೇಷನ್‌ಗಳ ದಾಖಲೆ, ಕಳಿಸುವಾಗ 'ಲೋ ಪವರ್' ಅಂತ ಬರೆಯುವವರೂ ನೀವೇ. ಸಾವಿರಾರು ಮೈಲಿ ಆಚೆ ಇರುವವರು ಅದನ್ನು ನಂಬಿ ನಿಮ್ಮ ಸ್ಕೋರನ್ನು ಆ ಪಟ್ಟಿಯಲ್ಲಿ ಸೇರಿಸುತ್ತಾರೆ. ಹೀಗಿರುವಾಗ ನಾನು ಪವರ್ ಮಿತಿಯನ್ನು ಹೇಗೆ ಕಾಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೌರಿಬಿದನೂರಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಅಳೆದು ನೋಡದೆ ಯಾವ ಮೋಟರನ್ನೂ ಗಿರಾಕಿ ಕೈಗೆ ಕೊಟ್ಟವನಲ್ಲ. ರೇಡಿಯೋ ವಿಷಯದಲ್ಲೂ ಅದೇ ಅಭ್ಯಾಸ ಬಂದಿದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ದೊಡ್ಡ ಕಾಂಟೆಸ್ಟ್ ಅಂದರೆ ಸಿಕ್ಯೂ ವರ್ಲ್ಡ್ ವೈಡ್. ಅಕ್ಟೋಬರ್ ಕೊನೆಯ ವಾರಾಂತ್ಯ ಮಾತಿನದು, ನವೆಂಬರ್ ಕೊನೆಯ ವಾರಾಂತ್ಯ ಮೋರ್ಸ್‌ದು. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗ್ಗೆ 5.30ಕ್ಕೆ ಶುರುವಾದರೆ ಸೋಮವಾರ ಬೆಳಗ್ಗೆ 5.30ರವರೆಗೆ, ಪೂರಾ 48 ಗಂಟೆ. ಪ್ರತಿ ಸಂಪರ್ಕದಲ್ಲೂ ನಾವು 'ಫೈವ್ ನೈನ್, ಟ್ವೆಂಟಿ ಟು' ಅನ್ನುತ್ತೇವೆ, ಫೈವ್ ನೈನ್ ಅಂದರೆ ನಿಮ್ಮ ಸಿಗ್ನಲ್ ಚೆನ್ನಾಗಿ ಕೇಳುತ್ತಿದೆ ಅಂತ, 22 ಅಂದರೆ ನಮ್ಮ ವಲಯ. ಪವರ್‌ನಲ್ಲಿ ಮೂರು ವರ್ಗ. ಹೈ ಪವರ್ 1500 ವ್ಯಾಟ್‌ವರೆಗೆ, ಲೋ ಪವರ್ 100 ವ್ಯಾಟ್, ಕ್ಯೂಆರ್‌ಪಿ 5 ವ್ಯಾಟ್. ಆದರೆ ಹೈ ಪವರ್ ಅಂದ ಮಾತ್ರಕ್ಕೆ ನಾವು 1500 ಹಾಕುವ ಹಾಗಿಲ್ಲ. ನಿಮ್ಮ ದೇಶದ ಲೈಸೆನ್ಸ್ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಿತಿ ಅಂತ ನಿಯಮದಲ್ಲೇ ಇದೆ. ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್‌ನಲ್ಲಿ) ನಮ್ಮ ಜನರಲ್ ಗ್ರೇಡ್‌ನವರಿಗೆ 400 ವ್ಯಾಟ್, ರಿಸ್ಟ್ರಿಕ್ಟೆಡ್ ಗ್ರೇಡ್‌ನವರಿಗೆ 50.

ನಾನು ಆಡುವುದು ಲೋ ಪವರ್. ನನ್ನ ಹತ್ತಿರ ಒಂದು ಲೀನಿಯರ್ (ರಿಗ್ಗಿನ ಪವರ್ ಏರಿಸುವ ಆಂಪ್ಲಿಫೈಯರ್) ಇದೆ, ಬೇರೆ ದಿನ ಬಳಸುತ್ತೇನೆ. ಕಾಂಟೆಸ್ಟ್ ಹಿಂದಿನ ದಿನ ಅದರ ಎರಡೂ ಕಡೆಯ ಕೇಬಲ್ ಬಿಚ್ಚಿ, ಲೀನಿಯರನ್ನು ಮೇಜಿನಿಂದಲೇ ಕೆಳಗಿಳಿಸಿಬಿಡುತ್ತೇನೆ. ಸುಮ್ನೆ ಸ್ವಿಚ್ ಆಫ್ ಮಾಡಿ ಪಕ್ಕದಲ್ಲಿ ಇಟ್ಟುಕೊಂಡರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಎರಡನೇ ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟು ಕಣ್ಣು ಉರಿಯುತ್ತಿರುವಾಗ, ಕೆರಿಬಿಯನ್ ದ್ವೀಪದ ಒಂದು ಸ್ಟೇಷನ್ ಎಷ್ಟು ಕೂಗಿದರೂ ತಿರುಗಿ ನೋಡದೆ ಇರುವಾಗ, ಕೈಗೆ ಸಿಗುವ ಜಾಗದಲ್ಲಿ ಆ ಸ್ವಿಚ್ ಇರಬಾರದು ಅನ್ನುವುದು ನನ್ನ ಅಭಿಪ್ರಾಯ. ತೀರ್ಮಾನ ಏನಿದ್ದರೂ ತಲೆ ಸರಿ ಇರುವಾಗ, ಶುಕ್ರವಾರ ಸಂಜೆಯೇ ಆಗಿಬಿಡಬೇಕು.

ಈಗ ಅಳತೆಯ ವಿಷಯ. ಜನ ಜಾಸ್ತಿ ದಾರಿ ತಪ್ಪುವುದು ಇಲ್ಲೇ. ಮಾತಾಡುವಾಗ, ರಿಗ್ ಮತ್ತು ಆಂಟೆನಾ ನಡುವೆ ಹಾಕುವ ಸಾಮಾನ್ಯ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು 30-40ರ ಹತ್ತಿರ ಆಡುತ್ತಿರುತ್ತದೆ. ಅದನ್ನು ನೋಡಿ 'ನನ್ನದು 40 ವ್ಯಾಟೇ ಹೋಗ್ತಿದೆ' ಅಂತ ಮೈಕ್ ಗೇನ್ ತಿರುಗಿಸುತ್ತಾರೆ, ಕಂಪ್ರೆಸರ್ ಏರಿಸುತ್ತಾರೆ. ಆ ಮುಳ್ಳು ತೋರಿಸುವುದು ಸರಾಸರಿ. ಮಾತಿನ ತುದಿಗಳು (ಪೀಕ್) ಆಗಲೇ 100 ಮುಟ್ಟಿರುತ್ತವೆ. ವರ್ಗದ ಮಿತಿ ಲೆಕ್ಕ ಆಗುವುದು ಆ ತುದಿಯ ಮೇಲೆ.

ಹಾಗಾಗಿ ನಾನು ಒಂದು ಡಬ್ಬಿ ಮಾಡಿಕೊಂಡಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ 1 ಕಿಲೋ ಓಮ್, 3 ವ್ಯಾಟ್‌ನ ಮೆಟಲ್ ಆಕ್ಸೈಡ್ ರೆಸಿಸ್ಟರ್ 20 ತಂದು ಪ್ಯಾರಲಲ್ ಹಾಕಿದರೆ 50 ಓಮ್ ಡಮ್ಮಿ ಲೋಡ್ ಆಯಿತು, ಅಂದರೆ ಅಳೆಯುವಾಗ ಆಂಟೆನಾ ಬದಲು ರಿಗ್ಗಿಗೆ ಹಚ್ಚುವ ಲೋಡ್. ತಂತಿ ಸುತ್ತಿದ ರೆಸಿಸ್ಟರ್ ತರಬೇಡಿ, ಈ ಫ್ರೀಕ್ವೆನ್ಸಿಯಲ್ಲಿ ಅದು ಕಾಯಿಲ್ ಆಗಿಬಿಡುತ್ತದೆ. ಲೋಡಿನಿಂದ 1ಎನ್4148 ಡಯೋಡ್ ಮೂರನ್ನು ಸೀರೀಸ್‌ನಲ್ಲಿ ಹಾಕಿ, ಕೊನೆಯಲ್ಲಿ 500 ವೋಲ್ಟ್ ತಡೆಯುವ 0.01 ಮೈಕ್ರೋಫ್ಯಾರಡ್ ಸಿರಾಮಿಕ್ ಕೆಪಾಸಿಟರ್. ಒಂದೇ ಡಯೋಡ್ ಹಾಕಿದರೆ ಸುಟ್ಟು ಹೋಗುತ್ತದೆ, ಯಾಕಂದರೆ ಉಲ್ಟಾ ದಿಕ್ಕಿನಲ್ಲಿ ಅದರ ಮೇಲೆ 200 ವೋಲ್ಟ್ ಹತ್ತಿರ ಬೀಳುತ್ತದೆ. ಕೆಪಾಸಿಟರ್ ಮೇಲೆ ಸಾಧಾರಣ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟ್ ನೋಡಿ.

ಲೆಕ್ಕ ಬಹಳ ಚೆನ್ನಾಗಿ ಕೂತುಕೊಳ್ಳುತ್ತದೆ. 50 ಓಮ್ ಮೇಲೆ ತುದಿ ವೋಲ್ಟೇಜ್ 100 ಇದ್ದರೆ ಪವರ್ ಸರಿಯಾಗಿ 100 ವ್ಯಾಟ್. ಮೂರು ಡಯೋಡ್‌ಗಳು ಸುಮಾರು 2 ವೋಲ್ಟ್ ತಿನ್ನುತ್ತವೆ, ಅಂದರೆ ಮೀಟರಿನಲ್ಲಿ 98 ಬಂದರೆ ಮಿತಿ ಮುಟ್ಟಿದ ಹಾಗೆ. 50 ವ್ಯಾಟ್‌ಗೆ ತುದಿ 70.7, 5 ವ್ಯಾಟ್‌ಗೆ 22.4. ರಿಗ್ಗನ್ನು ಮೋರ್ಸ್ ಮೋಡಿಗೆ ಹಾಕಿ, ಕೀಲಿ ಒತ್ತಿ, ಮೂರು ನಾಲ್ಕು ಸೆಕೆಂಡಿನಲ್ಲಿ ಓದಿಕೊಂಡು ಬಿಟ್ಟುಬಿಡಬೇಕು, ಜಾಸ್ತಿ ಹೊತ್ತು ಒತ್ತಿದರೆ ರೆಸಿಸ್ಟರ್ ಬಣ್ಣ ಬದಲಾಗುತ್ತದೆ. ಬೆರಳು ಇಡಬೇಡಿ, ಆರ್‌ಎಫ್ ಸುಟ್ಟ ಗಾಯ ಬೇಗ ಮಾಯುವುದಿಲ್ಲ. ನಾನು ಪ್ರತಿ ಬ್ಯಾಂಡಿನಲ್ಲೂ ಹೀಗೆ ನೋಡಿ, ರಿಗ್ಗಿನ ಪವರ್ ಸೆಟ್ಟಿಂಗನ್ನು 95ರ ಆಸುಪಾಸಿಗೆ ಇಳಿಸಿಡುತ್ತೇನೆ. ಆ ಐದು ವ್ಯಾಟಿನಿಂದ ಆಚೆ ಕೇಳುವವರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ.

ಇನ್ನೊಂದು ವಾದ ಆಗಾಗ ಕೇಳಿಬರುತ್ತದೆ. 'ನನ್ನ ಕೇಬಲ್ ಹಳೇದು, ಅರ್ಧ ಪವರ್ ಅದರಲ್ಲೇ ಹೋಗುತ್ತೆ, ಅದಕ್ಕೆ 200 ಹಾಕ್ತೀನಿ, ಆಂಟೆನಾಕ್ಕೆ ತಲುಪೋದು 100 ತಾನೆ?' ಇಲ್ಲ. ಸಿಕ್ಯೂ ನಿಯಮದಲ್ಲಿ ಪವರ್ ಅಳೆಯುವುದು ಆಂಪ್ಲಿಫೈಯರಿನ ಬಾಯಲ್ಲಿ, ಆಂಟೆನಾದ ಬುಡದಲ್ಲಲ್ಲ. ಕೇಬಲ್ ಹಳೆಯದಾದರೆ ಹೊಸದು ಹಾಕಿಸಬೇಕು, ಅಷ್ಟೇ.

ನನ್ನ ಹತ್ತಿರ ಕಲಿಯಲು ಬರುವ ಹುಡುಗ ಒಬ್ಬನಿದ್ದಾನೆ, ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್. ಅವನು ಒಂದು ದಿನ ನೇರವಾಗಿಯೇ ಕೇಳಿದ, "ಅಣ್ಣಾ, 100 ಬದಲು 400 ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?" ಒಳ್ಳೆಯ ಪ್ರಶ್ನೆ. ನೂರಕ್ಕೆ ನಾನೂರು ಅಂದರೆ 6 ಡೆಸಿಬಲ್, ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದೇ ಒಂದು ಅಂಕ. ಒಬ್ಬ ಕೇಳುಗ ಅದನ್ನು ಹಿಡಿಯಲಾರ, ನಿಜ. ಮೋರ್ಸ್‌ನಲ್ಲಿ ರಿವರ್ಸ್ ಬೀಕನ್ ನೆಟ್‌ವರ್ಕ್ ಅಂತ ಇದೆ, ಬೇರೆ ಬೇರೆ ದೇಶದ ರಿಸೀವರ್‌ಗಳು ತಾವಾಗಿಯೇ ಪ್ರತಿ ಸ್ಟೇಷನ್ನಿನ ಬಲವನ್ನು ಬರೆದಿಡುತ್ತವೆ. ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಆದರೂ ನಾನು ಅವನಿಗೆ ಅದನ್ನು ಮುಂದಿಟ್ಟು ಹೆದರಿಸಲಿಲ್ಲ. ನಮ್ಮೂರ ಕಡೆ ಕೆಜಿ ಲೆಕ್ಕದಲ್ಲಿ ಕಬಡ್ಡಿ ಆಡಿಸುತ್ತಾರಲ್ಲ, 60 ಕೆಜಿ ಒಳಗಿನ ಆಟಕ್ಕೆ 75 ಕೆಜಿ ಆಳನ್ನು ಇಳಿಸಿ ಗೆದ್ದರೆ ಆ ಕಪ್ಪನ್ನು ಮನೆಯಲ್ಲಿ ಎಲ್ಲಿ ಇಡ್ತೀಯಾ ಅಂತ ಕೇಳಿದೆ. ಅದೇ ಪಟ್ಟಿಯಲ್ಲಿ ಇನ್ನೊಬ್ಬ, ನಿಜವಾಗಿ 100 ವ್ಯಾಟ್ ಹಾಕಿ ಎರಡು ರಾತ್ರಿ ಕೂತವನು, ನಿನ್ನ ಕೆಳಗೆ ಬರುತ್ತಾನೆ. ಅವನಿಗೆ ನೀನು ಯಾರು ಅಂತ ಗೊತ್ತಿಲ್ಲದಿದ್ದರೂ ಅವನ ಜಾಗ ಹೋಯಿತು ಅಲ್ವಾ?

ಮತ್ತೆ, ಆ 6 ಡೆಸಿಬಲ್ ಬೇಕೇ ಬೇಕು ಅನ್ನುವವರಿಗೆ ನ್ಯಾಯವಾದ ದಾರಿ ಇದೆ. ಲೋ ಪವರ್ ವರ್ಗದಲ್ಲಿ ಆಂಟೆನಾಕ್ಕೆ ಮಿತಿ ಇಲ್ಲ. ಒಂದು ದಿಕ್ಕಿಗೆ ಪವರ್ ಕೂಡಿಸಿ ಕಳಿಸುವ ಎರಡು ಎಲಿಮೆಂಟಿನ ಯಾಗಿ ಆಂಟೆನಾ, ಸಾಧಾರಣ ತಂತಿಯ ಆಂಟೆನಾ ಆದ ಡೈಪೋಲ್‌ಗಿಂತ ಸುಮಾರು 4 ಡೆಸಿಬಲ್ ಕೊಡುತ್ತದೆ, ಅಂದರೆ ನಿಮ್ಮ 100 ವ್ಯಾಟ್ ಆ ದಿಕ್ಕಿಗೆ 250ರ ಹಾಗೆ ಕೇಳಿಸುತ್ತದೆ. ಕೇಳುವುದಕ್ಕೂ ಅಷ್ಟೇ ಸಹಾಯ, ಲೀನಿಯರ್‌ನಿಂದ ಈ ಲಾಭ ಬರುವುದಿಲ್ಲ. ಅದೂ ಆಗದಿದ್ದರೆ 20 ಮೀಟರ್ ಬ್ಯಾಂಡಿನ ಡೈಪೋಲನ್ನು 33 ಅಡಿಗಾದರೂ ಏರಿಸಿ, ಅದು ಅರ್ಧ ತರಂಗದ ಎತ್ತರ. ನಮ್ಮ ಹೊಲದ ಹುಣಸೆ ಮರ ಈ ಕೆಲಸಕ್ಕೆ ಬಂದಿದೆ.

ಪವರ್ ಜೊತೆಗೆ ಸಿಗ್ನಲ್ ಶುದ್ಧವಾಗಿರುವುದೂ ಆಟದ ನ್ಯಾಯವೇ. ಮೈಕ್ ಗೇನ್ ಜಾಸ್ತಿ ಮಾಡಿದವರ ಸಿಗ್ನಲ್ ಸುಮಾರು 3 ಕಿಲೋಹರ್ಟ್ಸ್ ಜಾಗದಲ್ಲಿ ಕೂರದೆ ಆಚೀಚೆ ಹರಡಿ, ಪಕ್ಕದಲ್ಲಿ ಕೂಗುತ್ತಿರುವವರನ್ನು ಮುಚ್ಚಿಹಾಕುತ್ತದೆ. ಇದನ್ನು ಸಿಕ್ಯೂ ನಿಯಮದಲ್ಲೂ ಆಟಗಾರನಿಗೆ ತಕ್ಕುದಲ್ಲದ ನಡತೆ ಅಂತಲೇ ಬರೆದಿದ್ದಾರೆ. ನಮಗೆ ಗೌರಿಬಿದನೂರಿನವರಿಗೆ ಇದರಲ್ಲಿ ಇನ್ನೊಂದು ಜವಾಬ್ದಾರಿಯೂ ಇದೆ. ಇಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ರೇಡಿಯೋ ದೂರದರ್ಶಕಗಳಿವೆ. 40 ಮೆಗಾಹರ್ಟ್ಸ್‌ನಿಂದ ಮೇಲೆ ಸೂರ್ಯನ ರೇಡಿಯೋ ಅಲೆಗಳನ್ನು ಹಗಲೆಲ್ಲ ಕೇಳುತ್ತಿರುತ್ತವೆ. ನಾನು 15 ಮೀಟರ್ ಬ್ಯಾಂಡಿನಲ್ಲಿ 21.3 ಮೆಗಾಹರ್ಟ್ಸ್‌ನಲ್ಲಿ ಕೂಗಿದರೆ ಅದರ ಎರಡನೇ ಹಾರ್ಮೋನಿಕ್, ಅಂದರೆ ಎರಡು ಪಟ್ಟು ಫ್ರೀಕ್ವೆನ್ಸಿಯಲ್ಲಿ ಹೊರಡುವ ಬೇಡದ ಸಿಗ್ನಲ್, 42.6ಕ್ಕೆ ಬರುತ್ತದೆ, ಅವರು ಕೇಳುವ ಜಾಗಕ್ಕೇ. ಹಾಗಾಗಿ ರಿಗ್ಗಿನ ಆಚೆಗೂ ಆ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಒಂದು ಲೋ ಪಾಸ್ ಫಿಲ್ಟರ್ ಹಾಕಿದ್ದೇನೆ, ಮೈಕ್ ಗೇನ್ ಜಾಸ್ತಿ ಆಯಿತೇ ಅಂತ ತೋರಿಸುವ ಎಎಲ್‌ಸಿ ಮುಳ್ಳು ಗುರುತು ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಬ್ಯಾಂಡ್ ತೆರೆಯುವುದು ಮುಚ್ಚುವುದು ಸೂರ್ಯನಿಂದಲೇ ಅಂದಮೇಲೆ, ಅದನ್ನು ಓದುತ್ತಿರುವವರ ಕಿವಿಗೆ ನಾವು ಅಡ್ಡ ಬರಬಾರದು.

ಲಾಗ್ ಬಗ್ಗೆ ಒಂದೇ ಮಾತು. ಕಾಂಟೆಸ್ಟ್ ಮುಗಿದ ಮೇಲೆ ಡೇಟಾಬೇಸ್ ನೋಡಿ, ರೆಕಾರ್ಡಿಂಗ್ ಕೇಳಿ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ತಿದ್ದುವ ಹಾಗಿಲ್ಲ. ನಾನು ಸೋಮವಾರ ಬೆಳಗ್ಗೆಯೇ ಲಾಗ್ ಕಳಿಸಿ, ಸ್ನಾನ ಮಾಡಿ ಅಂಗಡಿ ಬಾಗಿಲು ತೆಗೆಯುತ್ತೇನೆ.

ಎಲ್ಲರಿಗೂ ಒಂದೇ ಅಳತೆ ಇಟ್ಟರೆ ಆಟ ಎಷ್ಟು ಚೆನ್ನಾಗಿರುತ್ತದೆ ಅಂತ ನೋಡಬೇಕಾದರೆ ಡಬ್ಲ್ಯೂಆರ್‌ಟಿಸಿ (ವರ್ಲ್ಡ್ ರೇಡಿಯೋಸ್ಪೋರ್ಟ್ ಟೀಮ್ ಚಾಂಪಿಯನ್‌ಶಿಪ್) ಬಗ್ಗೆ ಓದಿ. 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಪಂದ್ಯ. 2018ರಲ್ಲಿ ಜರ್ಮನಿಯ ವಿಟೆನ್‌ಬರ್ಗ್ ಸುತ್ತಮುತ್ತ ಬಯಲಿನಲ್ಲಿ ಎಲ್ಲ ತಂಡಕ್ಕೂ ಒಂದೇ ಥರದ ಆಂಟೆನಾ, ಒಂದೇ 100 ವ್ಯಾಟ್ ಮಿತಿ, ಪ್ರತಿ ತಂಡದ ಜೊತೆ ಒಬ್ಬ ರೆಫರಿ. ಅಲ್ಲಿ ಗೆದ್ದವರನ್ನು ಗೆಲ್ಲಿಸಿದ್ದು ಕಿವಿ ಮತ್ತು ತಲೆ.

ನನ್ನ ಹತ್ತಿರ ಕಲಿಯುವ ಆ ಹುಡುಗ ಮಾರ್ಚ್‌ನ ಎಆರ್‌ಆರ್‌ಎಲ್ (ಅಮೆರಿಕದ ಹ್ಯಾಮ್‌ಗಳ ಸಂಘ) ಡಿಎಕ್ಸ್ ಫೋನ್, ಅಂದರೆ ದೂರದ ದೇಶಗಳ ಜೊತೆ ಮಾತಿನ, ಕಾಂಟೆಸ್ಟ್‌ಗೆ ತಯಾರಾಗುತ್ತಿದ್ದಾನೆ. ಅದರಲ್ಲಿ ಅಮೆರಿಕದವರು ತಮ್ಮ ರಾಜ್ಯ ಹೇಳುತ್ತಾರೆ, ನಾವು ನಮ್ಮ ಪವರ್ ಹೇಳಬೇಕು. ಪ್ರತಿ ಸಂಪರ್ಕದಲ್ಲೂ, ಬಾಯಿಬಿಟ್ಟು. ಅವನ ರಿಗ್ 100 ವ್ಯಾಟಿನದು. ಮೆನುವಿನಲ್ಲಿ 50ಕ್ಕೆ ಇಳಿಸಿ ನನ್ನ ಡಬ್ಬಿಗೆ ಹಚ್ಚಿದೆವು, ಮಲ್ಟಿಮೀಟರಿನಲ್ಲಿ 68 ಚಿಲ್ಲರೆ ನಿಂತಿತು. ಎರಡು ವೋಲ್ಟ್ ಸೇರಿಸಿಕೊಂಡರೆ ಲೆಕ್ಕ ಸರಿ. 'ಫೈವ್ ನೈನ್, ಫೈವ್ ಜೀರೋ' ಅಂತ ಈಗಲೇ ಅಭ್ಯಾಸ ಮಾಡುತ್ತಿದ್ದಾನೆ. ಅವನ ಡೈಪೋಲ್ ಮಾತ್ರ ಇನ್ನೂ ಮನೆ ತಾರಸಿಯ ಮಟ್ಟದಲ್ಲೇ ಇದೆ, ಒಂದು ಉದ್ದದ ಜಿಐ ಪೈಪ್ ಹುಡುಕುತ್ತಿದ್ದೇವೆ.