ಎಂಟು ಸೆಕೆಂಡಿನ ಕತ್ತಲೆ

ಗೊಥೆನ್‌ಬರ್ಗ್‌ಗೆ ಕೆಲಸಕ್ಕೆ ಬಂದ ಮೇಲೆ ನನಗೆ ಹಿಡಿದ ಹುಚ್ಚು ಸ್ವೀಡನ್ನಿನ ಪ್ರೋಗ್ರೆಸಿವ್ ರಾಕ್, ಅಂದರೆ ಉದ್ದುದ್ದ ಟ್ರ್ಯಾಕ್, ತಿರುವುಮುರುವು ಲಯಗಳ ರಾಕ್ ಸಂಗೀತ. ಅದರಲ್ಲೂ 90ರ ದಶಕದ್ದು. ಎಂಗ್ಲಗೋರ್ಡ್, ಅನೆಕ್ಡೋಟೆನ್ ಬ್ಯಾಂಡ್‌ಗಳನ್ನು ಕೇಳಿದವರಿಗೆ ಗೊತ್ತು, ಆ ಸಂಗೀತದ ಮೇಲೆ ಯಾರೋ ಕರಿ ಕಂಬಳಿ ಹೊದಿಸಿದ ಹಾಗಿರುತ್ತದೆ. ಕೀಬೋರ್ಡ್ ಒಂದನ್ನೇ ನಂಬಿಕೊಂಡು ಅಂಥದ್ದೊಂದು ಆಲ್ಬಮ್ ಮಾಡಬೇಕು ಅನ್ನಿಸಿತು. ಇದೇನು ಹೊಸ ಸಾಹಸ ಅಲ್ಲ. ಬೂ ಹಾನ್ಸನ್ ಎಂಬ ಆರ್ಗನ್ ವಾದಕ 1970ರಲ್ಲೇ ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಕಥೆ ಇಟ್ಟುಕೊಂಡು, ಹೆಚ್ಚಿನ ವಾದ್ಯಗಳನ್ನು ತಾನೇ ನುಡಿಸಿ ಒಂದು ಆಲ್ಬಮ್ ತಂದಿದ್ದ.

ಮೈನರ್ ಸ್ಕೇಲ್ (ದುಃಖದ ಛಾಯೆಯ ಸ್ವರಸಾಲು) ಹಿಡಿದು, ಒಂದಿಷ್ಟು ರಿವರ್ಬ್ (ಗುಂಯ್‌ಗುಡುವ ಪ್ರತಿಧ್ವನಿ) ಸುರಿದರೆ ಕತ್ತಲೆ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ಅದು ಸುಮ್ನೆ ದುಃಖದ ಸಿನಿಮಾ ಹಾಡಾಗುತ್ತದೆ. ನನಗೆ ದಾರಿ ತೋರಿಸಿದ್ದು ಮೆಲೊಟ್ರಾನ್ ಎಂಬ ಹಳೇ ಕೀಬೋರ್ಡ್.

ಈ ವಾದ್ಯ 60ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು. ಪ್ರತಿ ಕೀ ಕೆಳಗೂ ಒಂದೊಂದು ಟೇಪಿನ ತುಂಡು. ಅದರಲ್ಲಿ ಪಿಟೀಲು, ಕೊಳಲು ಅಥವಾ ಕೋರಸ್‌ನ ಒಂದೇ ಸ್ವರ. ಕೀ ಒತ್ತಿದರೆ ಟೇಪ್ ಓಡುತ್ತದೆ, ಬಿಟ್ಟರೆ ಸ್ಪ್ರಿಂಗ್ ಹಿಂದಕ್ಕೆಳೆಯುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪ್ ಖಾಲಿ, ಸದ್ದು ಬಂದ್. ನನ್ನ ಹತ್ತಿರ ಇರುವುದು ಅದರ ಸದ್ದನ್ನು ರೆಕಾರ್ಡ್ ಮಾಡಿಟ್ಟ ಲ್ಯಾಪ್‌ಟಾಪಿನ ಸ್ಯಾಂಪಲ್‌ಗಳು ಅಷ್ಟೆ. ಲೂಪ್ ಹಾಕಿದರೆ, ಅಂದರೆ ತುಣುಕು ಮತ್ತೆಮತ್ತೆ ಸುತ್ತುವ ಹಾಗೆ ಮಾಡಿದರೆ, ಸ್ವರ ಬೆಳಗಿನವರೆಗೂ ಎಳೆಯುತ್ತದೆ. ಆದರೂ ಆ ಎಂಟು ಸೆಕೆಂಡಿನ ಮಿತಿ ಬೇಕೆಂದೇ ಲೂಪ್ ಆಫ್ ಮಾಡಿ ಕೂತೆ.

ಟೆಂಪೋ 60ಕ್ಕೆ ಇಟ್ಟೆ. ಸೆಕೆಂಡಿಗೊಂದು ಎಣಿಕೆ. ಏಳು ಎಣಿಕೆಯ ಒಂದು ಸುತ್ತಿಗೆ ಏಳು ಸೆಕೆಂಡ್. ಅಂದರೆ ಟೇಪ್ ಮುಗಿಯಲು ಇನ್ನೊಂದೇ ಸೆಕೆಂಡ್ ಇರುವಾಗ ಕಾರ್ಡ್ (ಒಟ್ಟಿಗೆ ಒತ್ತಿದ ಮೂರು ಸ್ವರ) ಬದಲಾಗುತ್ತದೆ. ಮೂರು ಬೆರಳನ್ನೂ ಒಟ್ಟಿಗೆ ಎತ್ತಬಾರದು. ಮೊದಲು ಮಧ್ಯದ ಸ್ವರ, ಆಮೇಲೆ ಮೇಲಿನದು, ಕೊನೆಗೆ ಕೆಳಗಿನದು. ಹಳೇ ಕಾರ್ಡ್ ಸಾಯುವ ಮೊದಲೇ ಹೊಸದು ತೆವಳಿಕೊಂಡು ಒಳಗೆ ಬರುತ್ತದೆ. ಆ ಸಂದಿಯಲ್ಲಿ ಎರಡೂ ಒಂದಕ್ಕೊಂದು ಉಜ್ಜುತ್ತವೆ. ನನ್ನ ಆಲ್ಬಮ್‌ನ ಕತ್ತಲೆಯೆಲ್ಲ ಅಲ್ಲೇ ಇದೆ. ಮೆಟ್ರೊನೋಮ್ ಬದಲು ಏಳೆಣಿಕೆಯ ಮಿಶ್ರ ಛಾಪು ತಾಳ ತಟ್ಟಿಕೊಂಡೇ ನುಡಿಸಿದೆ, ಚಿಕ್ಕಂದಿನ ಅಭ್ಯಾಸ ಬಿಡುತ್ತಾ?

ರಾಗದ ವಿಷಯದಲ್ಲೂ ಹಾಗೇ. ಇಲ್ಲಿಯವರು ಫ್ರಿಜಿಯನ್ ಅನ್ನುವ ಸ್ಕೇಲ್ ಸ್ವರಗಳ ಲೆಕ್ಕದಲ್ಲಿ ನಮ್ಮ ತೋಡಿ. ಕೆಳಗೆ ಷಡ್ಜವನ್ನು ಬೇಸ್‌ನಲ್ಲಿ ಹಿಡಿದಿಟ್ಟು, ಮೇಲೆ ಶುದ್ಧ ರಿಷಭದ ಮೇಜರ್ ಕಾರ್ಡ್ ಇಟ್ಟು ನೋಡಿ. ಸ್ವರವನ್ನು ಓಲಾಡಿಸುವ ಗಮಕ ಇಲ್ಲದೆ, ನೆಟ್ಟಗೆ. ಮೈ ಜುಮ್ ಅನ್ನುತ್ತದೆ. ನಮ್ಮ ಸಂಗೀತದ ಮೇಷ್ಟ್ರು ಕೇಳಿದರೆ ಕಿವಿ ಹಿಂಡುತ್ತಾರೆ, ಅದು ಬೇರೆ ಮಾತು.

ಸ್ವರಗಳ ನಡುವೆ ಜಾಗ ಬಿಡುವುದನ್ನು ಕಲಿತದ್ದು ಪಿಯಾನೋ ವಾದಕ ಯಾನ್ ಯೋಹಾನ್ಸನ್‌ನಿಂದ. 1964ರಲ್ಲಿ ಆತ ಸ್ವೀಡನ್ನಿನ ಜನಪದ ಧಾಟಿಗಳನ್ನು ಬರೀ ಪಿಯಾನೋ, ಡಬಲ್ ಬೇಸ್ ಇಟ್ಟುಕೊಂಡು ನುಡಿಸಿದ್ದು ಇವತ್ತಿಗೂ ಇಲ್ಲಿ ಮನೆಮಾತು. ಅಷ್ಟು ಕಮ್ಮಿ ಸ್ವರದಲ್ಲಿ ಅಷ್ಟು ಹೇಳಲು ನನಗಂತೂ ಆಗಲ್ಲ.

ಗಿಟಾರ್ ಒಂದೂ ಇಲ್ಲ. ರಾಕ್‌ನ ಭಾರಕ್ಕೆ ಎಡಗೈ ಬೇಸನ್ನು ಸದ್ದನ್ನು ಒರಟಾಗಿಸುವ ಫಝ್ ಪೆಡಲ್ ಮೂಲಕ ಬಿಟ್ಟೆ. ಹ್ಯಾಮಂಡ್‌ಗೆ (ಅದೊಂದು ಎಲೆಕ್ಟ್ರಿಕ್ ಆರ್ಗನ್) ಸದ್ದಿನ ಬಣ್ಣ ಬದಲಿಸುವ ಮೊದಲ ಮೂರು ಡ್ರಾಬಾರ್ ಪೂರ್ತಿ ಹೊರಗೆ, ಲೆಸ್ಲಿ ಎಂಬ ತಿರುಗುವ ಸ್ಪೀಕರ್ ನಿಧಾನ. ಡ್ರಮ್ಸ್ ಸ್ನೇಹಿತನೊಬ್ಬ ನುಡಿಸಿದ, ಸ್ನೇರ್ ಡ್ರಮ್ ಮೇಲೆ ಟವೆಲ್ ಹಾಕಿಕೊಂಡು.

ಎಲ್‌ಪಿಯ (ಗ್ರಾಮಫೋನ್ ತಟ್ಟೆಯ) ಒಂದು ಬದಿಗೆ ಸುಮಾರು 20 ನಿಮಿಷ ಹಿಡಿಯುತ್ತದೆ. ಹಾಗಾಗಿ ಉದ್ದದ ಟ್ರ್ಯಾಕ್‌ನಿಂದ ಒಂದು ಆರ್ಗನ್ ಸೋಲೋ ಪೂರ್ತಿ ಕಿತ್ತುಹಾಕಿದೆ. ಬೆರಳೋಟ ಚೆನ್ನಾಗಿಯೇ ಇತ್ತು, ಹೆಂಡತಿಗೂ ಇಷ್ಟವಾಗಿತ್ತು. ಆದರೆ ಅದು ಬಂದ ಕೂಡಲೇ ಹಾಡು ಪೂರ್ತಿ ಖುಷಿಯಾಗಿಬಿಡುತ್ತಿತ್ತು.