ಎಂಟರಲ್ಲಿ ಮೂರು ಕಳೆದರೂ ಎಂಟೇ

ಟಾಂಜಾನಿಯಾದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಹತ್ತು ತಿಂಗಳು ಸಂಬಳವಿಲ್ಲದೆ ಗಣಿತ ಕಲಿಸಲು ಹೋಗುತ್ತೇನೆ ಎಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಇಲ್ಲಿ ಮಕ್ಕಳಿಲ್ಲವೇನು?" ವಿಜಯಪುರದ ಖಾಸಗಿ ಶಾಲೆಯಲ್ಲಿ ಹನ್ನೆರಡು ವರ್ಷ ಸೀಮೆಸುಣ್ಣ ಹಿಡಿದವಳು ನಾನು. ಗಣಿತ ಕಲಿಸುವವರಿಲ್ಲದ ಶಾಲೆಗಳನ್ನು ಹುಡುಕಲು ಸಮುದ್ರ ದಾಟಬೇಕಿಲ್ಲ ಎಂಬುದು ನನಗೂ ಗೊತ್ತು. ಆ ಹೊತ್ತಿಗೆ ಸುಮ್ಮನಾದೆ. ಆದರೆ ನನ್ನ ತಯಾರಿಯ ಅರ್ಧ ಭಾಗವನ್ನು ಆ ಪ್ರಶ್ನೆಯೇ ಮಾಡಿಸಿತು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಒಬ್ಬ ಏಜೆಂಟರು ದೊಡ್ಡ ಶುಲ್ಕ ಹೇಳಿ, "ಪ್ರವಾಸಿ ವೀಸಾದಲ್ಲೇ ಹೋಗಿಬಿಡಿ ಮೇಡಂ, ಹಳ್ಳಿಯಲ್ಲಿ ಯಾರು ಕೇಳುತ್ತಾರೆ?" ಎಂದರು. ಅಲ್ಲಿಗೇ ಎದ್ದು ಬಂದೆ. ಪುಕ್ಕಟೆ ಮಾಡಿದರೂ ಕೆಲಸ ಕೆಲಸವೇ. ಸ್ವಯಂಸೇವಕರಿಗೆ ಆ ದೇಶದಲ್ಲಿ 'ಸಿ' ದರ್ಜೆಯ ವಾಸ ಪರವಾನಗಿ ಬೇಕು. ಶಾಲೆಯವರಿಗೇ ನೇರವಾಗಿ ಬರೆದೆ. ನಾನು ಬಂದರೆ ಅಲ್ಲಿನ ಯಾರದಾದರೂ ಕೆಲಸ ಹೋಗುತ್ತದೆಯೇ ಎಂದು ಮೊದಲ ಪತ್ರದಲ್ಲೇ ಕೇಳಿದ್ದೆ. ಗಣಿತಕ್ಕೆ ಇರುವವರು ಒಬ್ಬರೇ, ಅವರಿಗೆ ಜೊತೆಯಾಗಿ ನಿಂತರೆ ಸಾಕು ಎಂಬ ಉತ್ತರ ಬಂತು. ಅವರು ಕೇಳದಿದ್ದರೂ ಪಾಸ್‌ಪೋರ್ಟ್ ಕಚೇರಿಯ ಮೂಲಕ ಪೊಲೀಸ್ ಪ್ರಮಾಣಪತ್ರ ಮಾಡಿಸಿಟ್ಟುಕೊಂಡೆ. ಮಕ್ಕಳ ನಡುವೆ ಇರಲು ಹೊರಟ ಅಪರಿಚಿತಳು ಅದನ್ನು ತಾನಾಗಿಯೇ ಮುಂದಿಡುವುದು ಲೇಸು. ವಿಮಾನವನ್ನು ನೈರೋಬಿಯಲ್ಲಿ ಬದಲಿಸಬೇಕಾದ್ದರಿಂದ ಹಳದಿ ಜ್ವರದ ಲಸಿಕೆಯನ್ನೂ ಹಾಕಿಸಿಕೊಂಡೆ. ಅದು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ನಾನು ಬೆಂಗಳೂರಿಗೆ ಹೋದೆ. ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ ಆ ಕಾರ್ಡಿಗೆ ಬೆಲೆ ಬರುತ್ತದೆ. 2016ರಿಂದ ಈಚೆಗೆ ಅದು ಜೀವನಪೂರ್ತಿ ಸಲ್ಲುತ್ತದೆ.

ತಲೆ ಬಿಸಿಯಾದದ್ದು ಭಾಷೆಯ ವಿಷಯದಲ್ಲಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪ್ರಾಥಮಿಕ ಹಂತದ ಪಾಠವೆಲ್ಲ ಸ್ವಾಹಿಲಿಯಲ್ಲಿ, ಪ್ರೌಢಶಾಲೆಗೆ ಕಾಲಿಟ್ಟ ದಿನದಿಂದ ಇಂಗ್ಲಿಷಿನಲ್ಲಿ. ಇದನ್ನು ಓದಿದಾಗ ನನ್ನ ಹಳೆಯ ಗಾಯವೇ ಕೆರೆದಂತಾಯಿತು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದವಳಿಗೆ, 'ಡಿನಾಮಿನೇಟರ್' ಎಂದರೆ ತಾನು ಚಿಕ್ಕಂದಿನಿಂದ ಬಲ್ಲ ಛೇದವೇ ಎಂದು ತಿಳಿಯಲು ಒಂದು ತಿಂಗಳು ಹಿಡಿದಿತ್ತು. ನೂರು ಪುಟದ ನೋಟುಪುಸ್ತಕಕ್ಕೆ ಮೂರು ಅಂಕಣಗಳ ಗೆರೆ ಎಳೆದೆ: ಕನ್ನಡ, ಇಂಗ್ಲಿಷ್, ಸ್ವಾಹಿಲಿ. ಕೂಡು ಎಂದರೆ ಜುಮ್ಲಿಶಾ, ಕಳೆ ಎಂದರೆ ತೋವಾ, ಗುಣಿಸು ಜಿದಿಶಾ, ಭಾಗಿಸು ಗವಾನ್ಯಾ. ಲೆಕ್ಕಕ್ಕೆ ಅಲ್ಲಿ 'ಹೆಸಾಬು', ಪುಸ್ತಕಕ್ಕೆ 'ಕಿತಾಬು', ಅಂಗಡಿಗೆ 'ದುಕಾ' ಎನ್ನುತ್ತಾರೆ. ಆದಿಲಶಾಹಿಯ ಊರಿನವಳಿಗೆ ಈ ಶಬ್ದಗಳನ್ನು ಯಾರೂ ಕಲಿಸಬೇಕಿರಲಿಲ್ಲ. 'ನಿನಾಸೋಮಾ' ಎಂದರೆ ಓದುತ್ತೇನೆ, 'ಅನಾಸೋಮಾ' ಎಂದರೆ ಓದುತ್ತಾನೆ, ಓದುತ್ತಾಳೆ ಎರಡೂ. ನಮ್ಮ ಕ್ರಿಯಾಪದದ ಬಾಲದಲ್ಲಿರುವ 'ನಾನು' ಅಲ್ಲಿ ತಲೆಯ ಮೇಲೆ ಕುಳಿತಿದೆ, ಅಷ್ಟೇ. ಶಿಕ್ಷಕರಿಗೆ 'ಮ್ವಾಲಿಮು'. ಮೇಷ್ಟರಾಗಿದ್ದು ಮೊದಲ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆ ಅವರನ್ನು ಆ ದೇಶ ಇಂದಿಗೂ ಹಾಗೆಯೇ ಕರೆಯುತ್ತದೆ.

ಆದರೆ ಶಬ್ದ ಕಲಿತ ಮಾತ್ರಕ್ಕೆ ಪಾಠ ಬರುವುದಿಲ್ಲ. ಬಾಯಿ ಕಟ್ಟಿಹಾಕಿದರೆ ನಾನು ಎಷ್ಟು ಕಲಿಸಬಲ್ಲೆ ಎಂದು ನೋಡಬೇಕಿತ್ತು. ಅವ್ವನ ಪ್ರಶ್ನೆ ನೆನಪಾದದ್ದು ಆಗ. ವಿಜಯಪುರದಿಂದ ಮುಕ್ಕಾಲು ಗಂಟೆ ಬಸ್ಸಿನ ದಾರಿಯಲ್ಲಿ ಒಂದು ತಾಂಡಾ ಇದೆ. ಅಲ್ಲಿನ ಒಂದನೇ ತರಗತಿಯ ಮಕ್ಕಳಿಗೆ ಮನೆಯ ಮಾತು ಲಂಬಾಣಿ, ಶಾಲೆಯದು ಕನ್ನಡ. ದುಡಿಯಲು ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೊರಟ ತಂದೆತಾಯಿಯ ಬೆನ್ನು ಹತ್ತಿದರೆ ಆ ಕನ್ನಡವೂ ತಪ್ಪುತ್ತದೆ. ಮುಖ್ಯ ಗುರುಗಳ ಒಪ್ಪಿಗೆ ಪಡೆದು ಎಂಟು ಶನಿವಾರ ಹೋದೆ. ನನಗೆ ನಾನೇ ಹಾಕಿಕೊಂಡ ಷರತ್ತು: ಅರ್ಧ ಗಂಟೆ ಕನ್ನಡ ಆಡಬಾರದು. ಕೈ, ಹಲಗೆ, ಹುಣಸೆ ಬೀಜ, ಇಷ್ಟೇ. (ಆಮೇಲೆ ಅದೇ ಪಾಠವನ್ನು ಕನ್ನಡದಲ್ಲಿ ಮತ್ತೆ ಮಾಡುತ್ತಿದ್ದೆ. ನನ್ನ ಅಭ್ಯಾಸಕ್ಕೆ ಮಕ್ಕಳ ಕಲಿಕೆ ಕೆಡಬಾರದಲ್ಲ.)

ಎರಡನೇ ಶನಿವಾರ ಕಳೆಯುವ ಲೆಕ್ಕ. ನೆಲದ ಮೇಲೆ ಎಂಟು ಬೀಜಗಳನ್ನು ಸಾಲಾಗಿ ಇಟ್ಟು, ಮೂರರ ಮೇಲೆ ಅಂಗೈ ಮುಚ್ಚಿ, ಎದುರಿನ ಹುಡುಗಿಯ ಕಡೆ ಹುಬ್ಬೇರಿಸಿದೆ. ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಅಡಿಯಲ್ಲಿದ್ದವನ್ನೂ ಎಣಿಸಿ, ಎಂಟು ಬೆರಳು ತೋರಿಸಿದಳು. ಮತ್ತೆ ಮುಚ್ಚಿದೆ. ಮತ್ತೆ ಎಂಟು. ಮೂರನೇ ಸಲ ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆ. ಬೀಜಗಳು ಎಲ್ಲಿಗೆ ಹೋಗಿದ್ದವು? ಅಲ್ಲೇ ಇದ್ದವಲ್ಲ! ಮುಚ್ಚಿಡುವುದು ಕಳೆಯುವುದಲ್ಲ. ಇಷ್ಟು ವರ್ಷ 'ಕಳೆ' ಎಂಬ ಶಬ್ದ ನನ್ನ ತಪ್ಪನ್ನು ಸಂಭಾಳಿಸಿಕೊಂಡು ಬಂದಿತ್ತು. ಮೂರು ಬೀಜಗಳನ್ನು ಅವಳ ಜೇಬಿಗೇ ಹಾಕಿ ಬಾಗಿಲ ಆಚೆ ನಿಲ್ಲಿಸಿದೆ. ಉಳಿದವನ್ನು ಅವಳ ಗೆಳತಿ ಎಣಿಸಿದಳು: ಐದು. ಹುಡುಗಿ ಆ ಮೂರು ಬೀಜಗಳನ್ನು ವಾಪಸು ಕೊಡಲೇ ಇಲ್ಲ.

ಅಂದು ರಾತ್ರಿ ನೋಟುಪುಸ್ತಕಕ್ಕೆ ನಾಲ್ಕನೇ ಅಂಕಣ ಸೇರಿತು: ಮಾತಿಲ್ಲದೆ ತೋರಿಸುವುದು ಹೇಗೆ. ಸ್ವಾಹಿಲಿಯ 'ತೋವಾ'ಕ್ಕೆ ಹೊರಗೆ ತೆಗೆ ಎಂಬ ಅರ್ಥವೂ ಇದೆ ಎಂದು ಗಮನಿಸಿದ್ದು ಆಗಲೇ. ಆ ಅಂಕಣದಲ್ಲಿ ಈಗಲೂ ಖಾಲಿ ಜಾಗ ಬಹಳ. ಋಣ ಸಂಖ್ಯೆಯನ್ನು ಕೈಯಲ್ಲಿ ತೋರಿಸುವುದು ಹೇಗೋ ಹೊಳೆದಿಲ್ಲ.

ಮುಂದಿನ ವಾರ ಹೊರಡುತ್ತೇನೆ. ಅವ್ವ ಕಟ್ಟಿಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಬಿಚ್ಚಿಸಿ ಮತ್ತೆ ಕಟ್ಟಿಸಬೇಕಾಯಿತು. 2019ರ ಜೂನ್‌ನಿಂದ ಆ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಅವಳು ಎರಡು ಚೀಲ ಹೊಲಿದಳು. ಮರಳಿದ ಮೇಲೆ ಶನಿವಾರಗಳು ತಾಂಡಾಕ್ಕೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಗಂಟೆಯ ಲೆಕ್ಕದಲ್ಲಿ ಮಾತ್ರ ಇನ್ನೂ ಎಡವುತ್ತೇನೆ. ಸ್ವಾಹಿಲಿಯಲ್ಲಿ ಬೆಳಗಿನ ಏಳು ಎಂದರೆ 'ಸಾ ಮೋಜಾ', ಒಂದು ಗಂಟೆ. ಎಂಟು ಎಂದರೆ ಎರಡು. ನಿನ್ನೆ ಬೆರಳು ಮಡಚುತ್ತಾ ಆರಾರು ಕಳೆಯುತ್ತಾ ಕುಳಿತಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಹೊತ್ತು ಹುಟ್ಟಿ ಒಂದು ತಾಸಾಯಿತು ಎನ್ನುತ್ತಾರೆ ಅವರು. ನಿನ್ನ ಅಜ್ಜನೂ ಹಾಗೆಯೇ ಹೇಳುತ್ತಿದ್ದ. ಇದಕ್ಕೇಕೆ ಲೆಕ್ಕ?"